ಕೋಟಿನ ತೋಳು, ಕೊಡೆಯ ಕಥೆ

ಸೆಪ್ಟೆಂಬರ್ 6

ಕಿವಿಯಮ್ಮನಿಗೆ ಬಾಯಿಮಾವನ ಹಾರೈಕೆಗಳು.

ನಿನ್ನ ಹೊಸ ವಿಳಾಸ ಸಿಕ್ಕಿತು. ಬೀದಿಯಿಲ್ಲ, ಮನೆ ಸಂಖ್ಯೆಯಿಲ್ಲ, ಬರೀ ಅಂಚೆಪೆಟ್ಟಿಗೆಯ ನಂಬರು. ತಂಗಿಯ ಮಗಳು ಎಲ್ಲಿದ್ದಾಳೆ ಎಂದು ಕೇಳಿದವರಿಗೆ ‘ಪೆಟ್ಟಿಗೆಯಲ್ಲಿ’ ಎನ್ನುವುದು ಅಷ್ಟು ಚೆನ್ನಾಗಿರುವುದಿಲ್ಲ. ಗಂಡನ ಕೈಯಲ್ಲಿ ಹೊಡೆತ ತಿಂದು ಹೊರಬಂದ ಹೆಂಗಸರು ಉಳಿಯುವ ಜಾಗ ಅದು, ವಿಳಾಸ ಯಾರಿಗೂ ತಿಳಿಯಬಾರದು, ಕೆಲಸದವರೂ ಫೋನನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕು ಎಂದು ನಿನ್ನಮ್ಮ ವಿವರಿಸಿದಳು. ಒಪ್ಪಿದೆ. ಪೆಟ್ಟು ತಿಂದವರಿಗೆ ಪೆಟ್ಟಿಗೆಯೇ ವಿಳಾಸ.

ನನಗೆ ತಿಳಿಯದಿರುವುದು ನಿನ್ನ ಕೆಲಸ. ದಿನವಿಡೀ ಕೂತು ಕೇಳುವುದಂತೆ, ಅದಕ್ಕೆ ಸಂಬಳವಂತೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ನನ್ನೆದುರು ಕೂತು ಕೇಳಿದವರಿಗೆ ಯಾರೂ ಚಿಕ್ಕಾಸು ಕೊಡಲಿಲ್ಲ, ಪಾಪ.

ನಿನ್ನತ್ತೆಯ ಹೊಲಿಗೆ ಅಂಗಡಿ ಜೋರಾಗಿದೆ. ಚಳಿಗಾಲ ಹತ್ತಿರ ಬಂತಲ್ಲ, ಊರಿಗೆ ಊರೇ ಕೋಟು ಕೋಟು ಎನ್ನುತ್ತಿದೆ. ಹೊಸ ಗಿರಾಕಿಯೊಬ್ಬರು ಬಂದಿದ್ದಾರೆ. ವಿಮಾ ಕಂಪನಿಯ ಅಧಿಕಾರಿ. ಊರವರ ಜೀವಕ್ಕೆಲ್ಲ ವಿಮೆ ಮಾಡಿಸುವ ಪುಣ್ಯಾತ್ಮ. ಶೂಗಳಲ್ಲಿ ನನ್ನ ಮುಖ ಕಾಣುವಷ್ಟು ಪಾಲಿಶ್, ಮಾತಿನಲ್ಲಿ ಅದಕ್ಕೂ ಹೆಚ್ಚು. ಕಂಪನಿಯ ಕೂಟಕ್ಕೆ ಹೆಂಡತಿಗೊಂದು ಕೋಟು ಬೇಕಂತೆ. ಬಣ್ಣ ಆತನೇ ಆರಿಸಿದ, ಗುಂಡಿ ಆತನೇ ಆರಿಸಿದ. ಎಂಥ ಪ್ರೀತಿ ನೋಡು, ನಿನ್ನತ್ತೆಯ ಒಂದು ಸೂಜಿಯನ್ನೂ ನಾನು ಈವರೆಗೆ ಆರಿಸಿಕೊಟ್ಟಿಲ್ಲ. ಹೆಂಡತಿಗೆ ಮಾತ್ರ ವಿಪರೀತ ನಾಚಿಕೆ. ಪರದೆಯ ಹಿಂದೆ ನಿನ್ನತ್ತೆ ಟೇಪು ಎತ್ತಿದ ಕೂಡಲೇ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳಂತೆ, ಕಣ್ಣಲ್ಲಿ ನೀರಂತೆ. ಅಳತೆಗೆ ಬಂದವಳು ಅಳುವುದು ಎಂದರೇನು? ಟೇಪಿಗೂ ನಾಚುವ ಹೆಂಗಸನ್ನು ನಾನು ಕಂಡಿರಲಿಲ್ಲ.

ಬಾಯಿಮಾವ


ಸೆಪ್ಟೆಂಬರ್ 14

ಮಾವ,

ಪೆಟ್ಟಿಗೆಯ ಜೋಕನ್ನು ಇಲ್ಲಿ ಯಾರಿಗೂ ಹೇಳಲಿಲ್ಲ. ನಿನ್ನ ಮರ್ಯಾದೆ ಉಳಿಸಿದ್ದೇನೆ ಎಂದುಕೋ.

ಅದು ನಾಚಿಕೆಯಲ್ಲ, ಮಾವ. ಇನ್ನೊಬ್ಬರ ಕೈ ಮೇಲೆದ್ದಾಗ ಮುಖ ಮುಚ್ಚಿಕೊಳ್ಳುವುದು ಅಭ್ಯಾಸದಿಂದ ಬರುವುದು. ನಿನ್ನ ಪತ್ರವನ್ನು ಆ ಸಾಲಿನಿಂದ ಹಿಂದಕ್ಕೆ ಓದಿಕೊಂಡು ಹೋಗು: ಬಣ್ಣ ಆತನದು, ಗುಂಡಿ ಆತನದು, ಮಾತು ಆತನದು. ಇಡೀ ಪತ್ರದಲ್ಲಿ ಆಕೆಯ ಒಂದು ಮಾತೂ ಇಲ್ಲ. ನಾನು ತಪ್ಪಿರಬಹುದು. ತಪ್ಪಾಗಿದ್ದರೆ ಯಾರಿಗೂ ನಷ್ಟವಿಲ್ಲ.

ದಯವಿಟ್ಟು ಆತನ ಹತ್ತಿರ ಏನೂ ಹೇಳಬೇಡ. ಬುದ್ಧಿವಾದ ಬೇಡ, ತಮಾಷೆಯೂ ಬೇಡ. ಅತ್ತೆ ಪರದೆಯ ಒಳಗೆ, ಆಕೆ ಒಬ್ಬಳೇ ಇರುವಾಗ, ಒಂದೇ ಮಾತು ಕೇಳಲಿ: ‘ನಿಮಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸುತ್ತಾ?’ ಇಲ್ಲ ಎಂದರೆ ಅಳತೆ ತೆಗೆದುಕೊಂಡು ಸುಮ್ಮನಾಗಲಿ. ಹೂಂ ಎಂದರೆ ಕೆಳಗಿರುವ ಸಹಾಯವಾಣಿಯ ನಂಬರನ್ನು ಅತ್ತೆಯ ಫೋನಿನಿಂದಲೇ ಒತ್ತಲಿ. ನಾನು ಆ ಕರೆ ತೆಗೆದುಕೊಳ್ಳುವುದಿಲ್ಲ. ಬಂಧುಗಳ ಕಡೆಯಿಂದ ಬಂದವರನ್ನು ನಾವು ನೋಡುವಂತಿಲ್ಲ. ಇಲ್ಲಿನ ಮೇಲ್ವಿಚಾರಕಿ, ನಾವೆಲ್ಲ ಹಿರಿಯಕ್ಕ ಎನ್ನುವವರು, ಮಾತಾಡುತ್ತಾರೆ. ಜೀವಕ್ಕೇ ಅಪಾಯ ಅನಿಸಿದರೆ ಮಾತ್ರ ಕಾಯದೆ ಪೊಲೀಸರನ್ನು ಕರೆಯಿರಿ.

ಈ ಪತ್ರವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಬಾಯಿ ಇದಕ್ಕಿಂತ ಮೊದಲು ತಲುಪದಿರಲಿ.

ನಿನ್ನ ಕಿವಿ


ಸೆಪ್ಟೆಂಬರ್ 19

ಕಿವಿಯಮ್ಮ,

ನನ್ನ ಬಾಯಿಯೇ ಮೊದಲು ತಲುಪಿತು.

ಪತ್ರ ಬರುವ ಹಿಂದಿನ ದಿನ ಅವರು ಮೊದಲ ಟ್ರಯಲ್‌ಗೆ ಬಂದಿದ್ದರು. ‘ನಿಮ್ಮ ಮನೆಯವರು ಬಹಳ ಜಾಣೆ ಇರಬೇಕು, ಸರ್. ಗುಂಡಿ ನೋಡಿದ ಕೂಡಲೇ ಯಾವ ದಾರ ಬೇಕು ಅಂತ ಹೇಳಿಬಿಟ್ರಂತೆ’ ಎಂದು ಹೊಗಳಿದೆ. ಒಳ್ಳೆಯ ಮಾತಲ್ಲವೆ ಎಂದುಕೊಂಡೆ. ಆತ ನಕ್ಕು, ‘ಹೌದಾ? ಒಳಗೆ ಅಷ್ಟೆಲ್ಲಾ ಮಾತಾಡ್ತಾಳಾ?’ ಎಂದ.

ಇವತ್ತು ಕೋಟು ಹಾಕಿಸುವಾಗ ಎಡಗೈ ತೋಳಿನೊಳಗೆ ಇಳಿಯಲಿಲ್ಲವಂತೆ. ಮಣಿಕಟ್ಟು ಊದಿ ನೀಲಿಯಾಗಿತ್ತಂತೆ. ನಿನ್ನತ್ತೆ ನನ್ನೊಡನೆ ಮಾತಾಡುತ್ತಿಲ್ಲ. ನಾನೂ ನನ್ನೊಡನೆ ಮಾತಾಡುತ್ತಿಲ್ಲ.

ಮಾವ


ಸೆಪ್ಟೆಂಬರ್ 26

ಮಾವ,

ಮಣಿಕಟ್ಟು ತಿರುಚಿದ್ದು ಒಂದು ಕೈ. ಆ ಕೈ ನಿನ್ನದಲ್ಲ. ನೀನು ಹೊಗಳಿರದಿದ್ದರೆ ಸಾರಿನ ಉಪ್ಪು ನೆಪವಾಗುತ್ತಿತ್ತು. ಇಲ್ಲಿಗೆ ಬರುವವರೆಲ್ಲ ಮೊದಲ ದಿನ ‘ನಾನು ಹಾಗೆ ಅನ್ನದಿದ್ದರೆ ಅವರು ಹೊಡೀತಿರಲಿಲ್ಲ’ ಎನ್ನುತ್ತಾರೆ. ನೀನೂ ಆ ಸಾಲಿನಲ್ಲಿ ನಿಲ್ಲಬೇಡ, ಜಾಗವಿಲ್ಲ.

ನಾವು ಕೂತು ಕೇಳುವ ಕೋಣೆಯ ಬಗ್ಗೆ ಹೇಳುತ್ತೇನೆ. ಎರಡು ಕುರ್ಚಿಗಳಿವೆ. ಬಂದವರು ತಮಗೆ ಬೇಕಾದುದನ್ನು ಆರಿಸಿಕೊಂಡ ಮೇಲೆ ಉಳಿದದ್ದು ನಮಗೆ. ನಾನು ಬಂದ ಹೊಸದರಲ್ಲಿ ಒಬ್ಬರು ಬಾಗಿಲಲ್ಲಿ ನಿಂತೇ ಇದ್ದರು. ‘ಕೂತ್ಕೊಳ್ಳಿ’ ಎನ್ನಲು ಬಾಯಿ ತೆರೆದೆ. ಹಿರಿಯಕ್ಕ ನನ್ನ ಕಾಲು ತುಳಿದರು. ಟೀ ಆರುವವರೆಗೆ ಮೂವರೂ ನಿಂತಿದ್ದೆವು. ಆಮೇಲೆ ಆಕೆ ಕಿಟಕಿಯ ಪಕ್ಕದ ಕುರ್ಚಿಯನ್ನು ತಾವೇ ಎಳೆದುಕೊಂಡರು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಆ ಸದ್ದು ಇನ್ನೂ ನೆನಪಿದೆ. ವರ್ಷಗಳಲ್ಲಿ ಮೊದಲ ಸಲ ಒಬ್ಬರು ತಾವು ಎಲ್ಲಿ ಕೂರಬೇಕೆಂದು ತೀರ್ಮಾನಿಸಿದ ಸದ್ದು ಅದು.

ಆಕೆಯನ್ನು ನೀನು ಬಿಡಿಸಿ ತರಬೇಕಾಗಿಲ್ಲ. ನಿನಗೊಂದು ಕೆಲಸವಿದೆ, ಹುಟ್ಟಿನಿಂದಲೇ ಬಂದದ್ದು. ಬೆಂಚಿನ ಮೇಲೆ ಆತನ ಪಕ್ಕ ಕೂತು ಕೊರೆ. ಪರದೆಯ ಒಳಗಿನವರಿಗೆ ಸಮಯ ಬೇಕು.

ನಿನ್ನ ಕಿವಿ


ಅಕ್ಟೋಬರ್ 18

ಕಿವಿಯಮ್ಮನಿಗೆ,

ಕೊರೆಯುವ ವಿದ್ಯೆಗೆ ಈ ವಯಸ್ಸಿನಲ್ಲಿ ಮಾನ್ಯತೆ ಸಿಕ್ಕಿತು. ಧನ್ಯ.

ನೀನು ಹೇಳಿದ ಆ ಒಂದು ಮಾತನ್ನು ನಿನ್ನತ್ತೆ ಕೇಳಿದಳು, ಆಕೆ ಹೂಂ ಎಂದಳು. ಈಗ ನಮ್ಮ ಅಂಗಡಿಯ ಏರ್ಪಾಡು ಹೀಗಿದೆ. ಪರದೆಯ ಒಳಗೆ ತೋಳು, ಹೊರಗೆ ಬೆಂಚಿನ ಮೇಲೆ ತೋಳ. ತೋಳದ ಪಕ್ಕ ನಾನು. ಒಳಗೆ ನಿನ್ನತ್ತೆ ಪಿನ್ನು ಚುಚ್ಚುತ್ತಾಳೆ, ಆಕೆ ಕಿವಿಗೆ ಫೋನಿಟ್ಟುಕೊಂಡು ನಿಮ್ಮ ಹಿರಿಯಕ್ಕನ ಮಾತು ಕೇಳುತ್ತಾಳೆ, ಪಿಸುಗುಟ್ಟುತ್ತಾಳೆ. ಅದು ಹೊರಗೆ ಕೇಳಿಸದಂತೆ ನಾನು ಆತನಿಗೆ ಹಳದಿ ಕೊಡೆಯ ಕಥೆ ಹೇಳುತ್ತೇನೆ. ಮರೆತಿರಲಾರೆ, ನಿನ್ನ ಬಾಲ್ಯವನ್ನು ಹಾಳು ಮಾಡಿದ್ದೇ ಅದು. ಸಣ್ಣ ಊರಿನ ಸ್ಟೇಷನ್ ಮಾಸ್ಟರಿಗೆ ಪ್ಲಾಟ್‌ಫಾರ್ಮಿನಲ್ಲಿ ಒಂದು ಹಳದಿ ಕೊಡೆ ಸಿಗುತ್ತದೆ. ಪ್ರತಿ ರೈಲಿನಿಂದಲೂ ಒಬ್ಬರು ಇಳಿದು ‘ಅದು ನನ್ನದು’ ಎನ್ನುತ್ತಾರೆ, ಪ್ರತಿಯೊಬ್ಬರಿಗೂ ಒಂದೊಂದು ಪುರಾಣ. ರೈಲುಗಳಿಗೆ ಕೊರತೆಯಿಲ್ಲ, ಹಾಗಾಗಿ ಕಥೆಗೂ ಇಲ್ಲ. ನಿನ್ನತ್ತೆ ಅದನ್ನು ಮದುವೆಯಾದ ಹೊಸದರಲ್ಲೇ ನಿಷೇಧಿಸಿದ್ದಳು. ಈಗ ಅವಳೇ ಪರದೆ ಸರಿಸಿ ‘ಆ ಕೊಡೆ ಕಥೆ ಹೇಳ್ಬಾರ್ದಾ?’ ಎನ್ನುತ್ತಾಳೆ. ತೋಳ ಒಮ್ಮೆಯೂ ನಕ್ಕಿಲ್ಲ. ಶೂ ನೋಡುತ್ತಾ ಕೂರುತ್ತಾನೆ, ಆದರೆ ಕೂರುತ್ತಾನೆ.

ಇನ್ನೊಂದು ವಿಷಯ ಹೇಳಬೇಕು, ಇದರಲ್ಲಿ ತಮಾಷೆಯಿಲ್ಲ. ಟ್ರಯಲ್‌ಗಳು ಮುಗಿದರೆ ಆಕೆ ಬರುವುದು ನಿಲ್ಲುತ್ತದೆ. ಅದಕ್ಕೆ ನಿನ್ನತ್ತೆ ಕೋಟಿನ ಎಡದೋಳನ್ನು ಬೇಕೆಂದೇ ಬಿಗಿಯಾಗಿ ಹೊಲಿದಳು. ಬಿಚ್ಚಿದಳು, ಮತ್ತೆ ತಪ್ಪಾಗಿ ಹೊಲಿದಳು. ಅವಳ ಕೈಯಿಂದ ಒಂದು ವಕ್ರ ಹೊಲಿಗೆ ಬಂದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಆತ ಬೀದಿಗೆ ಕೇಳುವಂತೆ ‘ಒಂದು ತೋಳು ಕೂರಿಸೋಕೆ ಬರದವರೆಲ್ಲ ಬೋರ್ಡು ಯಾಕ್ರೀ ಹಾಕ್ಕೋತೀರಿ?’ ಎಂದು ಕೂಗಿದ. ಅವಳು ತಲೆ ತಗ್ಗಿಸಿ ‘ತಪ್ಪಾಯ್ತು ಸರ್, ಮುಂದಿನ ವಾರ ಬನ್ನಿ’ ಎಂದಳು. ಎದುರುಮನೆಯವರು ತಮ್ಮ ಬಟ್ಟೆಯನ್ನು ಹೊಲಿಸದೆ ವಾಪಸು ಒಯ್ದರು. ಅವಳು ತೋಳಿನ ಹೊಲಿಗೆ ಬಿಚ್ಚುತ್ತಾ ಕೂತಳು.

ನಾನು ಯಾರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆ ಎಂದು ಈಗೀಗ ಗೊತ್ತಾಗುತ್ತಿದೆ.

ಬಾಯಿಮಾವ

ಮರೆತಿದ್ದೆ: ‘ಕೋಟಿಗೆ ನಿಮಗೇನು ಬೇಕು?’ ಎಂದು ನಿನ್ನತ್ತೆ ಪ್ರತಿ ಸಲ ಕೇಳುತ್ತಿದ್ದಳು. ಪ್ರತಿ ಸಲವೂ ಆಕೆ ಪರದೆಯತ್ತ ನೋಡಿ ‘ಅವರು ಹೇಳಿದ ಹಾಗೆ’ ಎನ್ನುತ್ತಿದ್ದಳು. ಈ ವಾರ ನೋಡಲಿಲ್ಲ. ‘ಒಳಗಡೆ ಒಂದು ಜೇಬು. ಹೊರಗಿಂದ ಕಾಣಬಾರದು’ ಎಂದಳಂತೆ.


ಅಕ್ಟೋಬರ್ 27

ಮಾವ,

ಒಳಜೇಬಿನ ಸಾಲನ್ನು ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಹಿರಿಯಕ್ಕ ಆಕೆಯ ಬಗ್ಗೆ ನನಗೇನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನೀನೂ ಇಷ್ಟು ವಿವರ ಬರೆಯಬಾರದು. ಆದರೆ ಬರೆದುಬಿಟ್ಟೆ, ನಾನು ಓದಿಬಿಟ್ಟೆ.

ನಮ್ಮ ಕೋಣೆಯಲ್ಲಿ ಟಿಶ್ಯೂ ಕಾಗದದ ಡಬ್ಬಿ ಅವರ ಕೈಗೆಟಕುವಲ್ಲಿ ಇರುತ್ತದೆ. ಯಾರಾದರೂ ಅತ್ತರೆ ನಾವದನ್ನು ಎತ್ತಿ ಕೊಡುವುದಿಲ್ಲ. ಕೊಟ್ಟರೆ ‘ಸಾಕು, ಒರೆಸಿಕೋ’ ಎಂದಂತೆ. ಬೇಕಾದಾಗ ಅವರೇ ತೆಗೆದುಕೊಳ್ಳುತ್ತಾರೆ. ಮೊದಲು ಇದು ಕಲ್ಲೆದೆಯವರ ಪದ್ಧತಿ ಅನಿಸಿತ್ತು. ಒಂದು ಕೈ ತಾನಾಗಿ ಆ ಡಬ್ಬಿಯತ್ತ ಚಾಚುವುದನ್ನು ನೋಡಿದ ಮೇಲೆ ಹಾಗನಿಸುವುದಿಲ್ಲ. ಅತ್ತೆಗೆ ಯಾರೂ ಇದನ್ನೆಲ್ಲ ಕಲಿಸಿಲ್ಲ. ಸುಮ್ಮನೆ ಪ್ರತಿ ವಾರ ಕೇಳುತ್ತಿದ್ದರಲ್ಲ, ಉತ್ತರ ಬರದಿದ್ದರೂ.

ಕೊಡೆ ಕಥೆ ಆತನಿಗೆ ಸರಿಯಾದ ಶಿಕ್ಷೆ.

ನಿನ್ನ ಕಿವಿ


ನವೆಂಬರ್ 15

ಕಿವಿಯಮ್ಮ,

ಎಲ್ಲವೂ ಸಿದ್ಧವಾಗಿತ್ತು. ಮನೆ ಬಿಟ್ಟು ಹೊರಡುವ ದಿನವನ್ನು ಆಕೆಯೇ ಹೇಳಿದ್ದಳು. ಹಿಂದಿನ ಓಣಿಯಲ್ಲಿ ನಿಮ್ಮ ಹಿರಿಯಕ್ಕ ಕಳಿಸಿದ ಕಾರು ಬಂದು ನಿಂತಿತ್ತು. ನಾನು ಬೆಂಚಿನ ಮೇಲೆ ಬೆವರುತ್ತಾ ರೈಲಿನ ಮೇಲೆ ರೈಲು ಬಿಡುತ್ತಿದ್ದೆ. ಆಕೆ ಹಿಂಬಾಗಿಲವರೆಗೆ ಹೋದಳು, ಚಿಲಕದ ಮೇಲೆ ಕೈಯಿಟ್ಟಳು, ತಿರುಗಿ ಬಂದಳು. ಕೋಟು ಬಿಚ್ಚಿಕೊಟ್ಟು ಆತನ ಹಿಂದೆ ಮನೆಗೆ ಹೋದಳು. ಕಾರು ಖಾಲಿ ಹೋಯಿತು.

ಇಷ್ಟೆಲ್ಲ ಯಾರಿಗಾಗಿ? ನಿನ್ನತ್ತೆಯ ಹೆಸರು ಹಾಳಾಯಿತು, ನನ್ನ ಗಂಟಲು ಹಾಳಾಯಿತು. ಅವಳಿಗೇ ಬೇಡವಾದರೆ ನಾವೇನು ಮಾಡೋಣ? ಬಿಟ್ಟುಬಿಡೋಣ ಅನಿಸಿದೆ. ನಿನ್ನತ್ತೆ ಮಾತ್ರ ಆ ದರಿದ್ರ ತೋಳನ್ನು ಮತ್ತೆ ಬಿಚ್ಚುತ್ತಾ ಕೂತಿದ್ದಾಳೆ.

ಮಾವ


ನವೆಂಬರ್ 21

ಮಾವ,

ಮೊದಲ ಟ್ರಯಲ್‌ನಲ್ಲೇ ಕೋಟು ಸರಿಹೋಗುತ್ತದೆಯೇ ಎಂದು ಅತ್ತೆಯನ್ನು ಕೇಳು.

ಇಲ್ಲಿರುವವರಲ್ಲಿ ಹೆಚ್ಚಿನವರು ಬಾಗಿಲವರೆಗೆ ಹಲವು ಸಲ ಬಂದು ವಾಪಸಾದವರು. ಹಿರಿಯಕ್ಕ ಅದನ್ನು ಸೋಲು ಎನ್ನುವುದಿಲ್ಲ. ಆಕೆ ಈ ಸಲ ಚಿಲಕ ಎಷ್ಟು ಗಟ್ಟಿ ಎಂದು ನೋಡಿಕೊಂಡಳು, ಓಣಿಯಲ್ಲಿ ಕಾರು ನಿಜವಾಗಿ ಬರುತ್ತದೆ ಎಂದು ನೋಡಿಕೊಂಡಳು. ವಾಪಸು ಹೋದರೂ ನೀವು ಮುಖ ತಿರುಗಿಸುತ್ತೀರೋ ಇಲ್ಲವೋ ಎಂದು ಈಗ ನೋಡುತ್ತಾಳೆ. ಎಲ್ಲಕ್ಕಿಂತ ದೊಡ್ಡ ಅಳತೆ ಅದೇ.

ಬೆಂಚಿಗೆ ಹೋಗು ಮಾವ. ಗಂಟಲಿಗೆ ಬಿಸಿನೀರು ಕುಡಿ.

ನಿನ್ನ ಕಿವಿ


ಡಿಸೆಂಬರ್ 8

ಕಿವಿಯಮ್ಮ,

ಹೋದಳು.

ನಿನ್ನೆ ಮಧ್ಯಾಹ್ನ. ನನ್ನ ಸ್ಟೇಷನ್ ಮಾಸ್ಟರು ಕೊಡೆಯನ್ನು ಕೈಗೆತ್ತಿಕೊಂಡು, ಮಳೆಯಲ್ಲಿ ನೆನೆಯುತ್ತಾ ನಿಂತ ಒಬ್ಬ ಪ್ರಯಾಣಿಕಳ ಕಡೆ ನಡೆಯುತ್ತಿದ್ದ. ಒಳಗೆ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ‘ಇನ್ನೂ ಎಷ್ಟೊತ್ತು?’ ಎಂದು ಆತ ಕೂಗಿದ. ‘ಇಲ್ಲೇ ತೋಳು ಕೂರಿಸ್ತಾ ಇದೀನಿ ಸರ್’ ಎಂದು ನಿನ್ನತ್ತೆ. ಯಂತ್ರ ನಿಲ್ಲಲಿಲ್ಲ. ಆಮೇಲೆ ನೋಡಿದೆ, ಸೂಜಿಯಲ್ಲಿ ದಾರವೇ ಇರಲಿಲ್ಲ. ಹಿಂಬಾಗಿಲಿನ ಸದ್ದು ಮುಚ್ಚಲು ಅವಳು ಗಾಳಿಯನ್ನು ಹೊಲಿಯುತ್ತಿದ್ದಳು.

ನಿನ್ನತ್ತೆ ಚಿಲಕ ತೆಗೆಯಲು ಹೋದಳಂತೆ. ಆಕೆ ತಡೆದು, ‘ಬೇಡಕ್ಕ. ಇದೊಂದು ನಾನೇ ತೆಗೀತೀನಿ’ ಎಂದಳಂತೆ. ತೆಗೆದಳು. ಕೋಟಿನ ಒಳಜೇಬಿನಲ್ಲಿ ಆಕೆಯ ಗುರುತಿನ ಕಾಗದಪತ್ರಗಳಿದ್ದವು. ಬೇರೇನನ್ನೂ ಒಯ್ಯಲಿಲ್ಲ.

ಕಾರು ಊರು ದಾಟಿರಬಹುದು ಅನಿಸಿದ ಮೇಲೆ ನಿನ್ನತ್ತೆ ಯಂತ್ರ ನಿಲ್ಲಿಸಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಆತನ ಮುಖ ನೋಡಿ ಮೆಲ್ಲಗೆ ಹೇಳಿದಳು:

‘ಕೋಟು ಸರಿಹೋಯ್ತು, ಸರ್. ಹಾಕ್ಕೊಂಡು ಹೋದ್ರು.’

ಆತ ಪರದೆ ಕಿತ್ತ, ಇಸ್ತ್ರಿ ಮೇಜು ಉರುಳಿಸಿದ, ನಿನ್ನತ್ತೆಯ ಕಡೆ ಕೈ ಎತ್ತಿದ. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ನಿಮ್ಮ ಹಿರಿಯಕ್ಕ ಹೇಳಿ ಕೂರಿಸಿದ್ದ ಮಹಿಳಾ ಪೊಲೀಸಿನವರು ಬಂದು ಬೆಂಚಿನ ಮೇಲೆ ಕೂತರು. ಆತ ಶೂ ಸದ್ದು ಮಾಡಿಕೊಂಡು ಹೋದ. ನಾನು ಏನೂ ಮಾಡಲಿಲ್ಲ. ಕೊಡೆ ಹಿಡಿದವನಂತೆ ಕೈ ಮೇಲೆತ್ತಿಕೊಂಡೇ ನಿಂತಿದ್ದೆ.

ಒಂದೇ ಮಾತು ಬರೆ: ತಲುಪಿದಳೇ?

ಮಾವ


ಡಿಸೆಂಬರ್ 16

ಮಾವ,

ನಮ್ಮ ಮನೆಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ನಾನು ಯಾರಿಗೂ ಹೇಳುವಂತಿಲ್ಲ. ನಿನಗೂ.

ಅತ್ತೆಗೆ ಏಟಾಗಿಲ್ಲ ತಾನೇ? ಇಸ್ತ್ರಿ ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ? ಇಲ್ಲಿ ಚಳಿ ಜೋರು.

ನಿನ್ನ ಕಿವಿ


ಡಿಸೆಂಬರ್ 20

‘ಚಳಿ ಜೋರು’ ಎಂದು ಬರೆದಿದ್ದೀಯ. ಕೋಟು ಉಪಯೋಗಕ್ಕೆ ಬಂತು ಎಂದರ್ಥವೇ? ಹೌದಾದರೆ ಮುಂದಿನ ಪತ್ರದಲ್ಲಿ ‘ಮಳೆ’ ಎಂದು ಬರೆ, ಸಾಕು, ಅಂಚೆಯವನಿಗೂ ತಿಳಿಯುವುದಿಲ್ಲ.

ಮಾವ


ಡಿಸೆಂಬರ್ 27

ಮಾವ, ಚಳಿ ಎಂದರೆ ಚಳಿ. ಮಳೆ ಬಂದರೂ ಇನ್ನು ಬರೆಯುವುದಿಲ್ಲ.

ನಿನ್ನ ಕಿವಿ


ಜನವರಿ 4

ಕೇಳುವುದೇ ಕೆಲಸ ಎನ್ನುತ್ತೀಯ, ನಾನು ಕೇಳಿದ್ದೊಂದೂ ನಿನಗೆ ಕೇಳಿಸುವುದಿಲ್ಲ. ನಿನ್ನತ್ತೆ ರಾತ್ರಿ ಎದ್ದು ಕೂರುತ್ತಾಳೆ. ದಾರಿಯಲ್ಲಿ ಏನಾಯಿತೋ, ಎಲ್ಲಿ ಇಳಿದಳೋ. ನೀನು ಎತ್ತಿಕೊಂಡು ಓಡಾಡಿದ ಮಾವನಿಗಿಂತ ನಿನಗೆ ನಿಮ್ಮ ನಿಯಮ ಹೆಚ್ಚಾಯಿತು. ಇರಲಿ. ಹೌದು, ಎತ್ತಿಕೊಂಡು ಓಡಾಡಿದವನು ನಾನು, ಸಿಟ್ಟಿನಲ್ಲಿ ತಿರುಗುಮುರುಗಾಯಿತು. ತಿದ್ದುವುದಿಲ್ಲ.


ಜನವರಿ 29

ಕಿವಿಯಮ್ಮನಿಗೆ,

ಮೂರು ವಾರ ನಿನಗೆ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ.

ಮೊನ್ನೆ ಆತ ಮತ್ತೆ ಬಂದ. ಕೂಗಾಟವಿಲ್ಲ. ಬೆಂಚಿನ ತನ್ನ ಜಾಗದಲ್ಲೇ ಕೂತು ಅತ್ತ. ಶೂಗಳಲ್ಲಿ ಪಾಲಿಶ್ ಇರಲಿಲ್ಲ. ಅವಳಿಗೆ ಹುಷಾರಿಲ್ಲ, ಮಾತ್ರೆ ತಪ್ಪಿದರೆ ಜೀವಕ್ಕೆ ಅಪಾಯ, ಯಾವ ಊರು ಅಂತಷ್ಟೇ ಹೇಳಿ, ನಾನು ಹೋಗುವುದೂ ಇಲ್ಲ ಎಂದ. ನಿಜ ಹೇಳುತ್ತೇನೆ, ನನ್ನ ಮನಸ್ಸು ಅರ್ಧ ಕರಗಿತು. ನೀರು ಕೊಟ್ಟೆ. ಆತ ನೀರು ಕುಡಿಯಲಿಲ್ಲ. ಲೋಟದ ಮೇಲಿನಿಂದ ನನ್ನ ಮುಖವನ್ನೇ ನೋಡುತ್ತಿದ್ದ. ಕಣ್ಣಲ್ಲಿ ನೀರಿತ್ತು, ನೋಟ ಮಾತ್ರ ಒಣಗಿತ್ತು.

‘ಸರ್, ನಿಮಗೆ ಗೊತ್ತು ಅಲ್ವಾ?’ ಎಂದ.

‘ಗೊತ್ತಿಲ್ಲ’ ಎಂದೆ.

ನನ್ನ ಮುಖ ನಿನಗೆ ಗೊತ್ತು. ಫಲಿತಾಂಶ ಪ್ರಕಟವಾಗುವ ಮೊದಲೇ ಹುಡುಗರು ನನ್ನ ಮುಖ ನೋಡಿ ಪಾಸು ಫೇಲು ಹೇಳುತ್ತಿದ್ದರು. ಆತ ಹುಡುಕಿದ, ಬಹಳ ಹೊತ್ತು ಹುಡುಕಿದ. ಮುಖದಲ್ಲಿ ಏನೂ ಇರಲಿಲ್ಲ, ಏಕೆಂದರೆ ನೀನು ಏನನ್ನೂ ಇಟ್ಟಿರಲಿಲ್ಲ. ನಿನ್ನ ಪತ್ರದಲ್ಲಿ ‘ಮಳೆ’ ಎಂಬ ಒಂದು ಪದ ಬಂದಿದ್ದರೂ ಅದು ನನ್ನ ಹಣೆಯ ಮೇಲೆ ಸುರಿಯುತ್ತಿತ್ತು. ಆತ ಎದ್ದು ಹೋದ. ಮತ್ತೆ ಬಂದಿಲ್ಲ.

ನಿಮ್ಮ ಮನೆಯ ಗೋಡೆ ಎಲ್ಲೋ ದೂರದಲ್ಲಿದೆ ಎಂದುಕೊಂಡಿದ್ದೆ. ಅದು ನಮ್ಮ ಬೆಂಚಿನವರೆಗೂ ಬಂದಿದೆ, ನನ್ನ ಮುಖದ ಮೇಲೂ ಹಾದುಹೋಗಿದೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಹೇಳದೆ ಇರುವುದಕ್ಕೆ ಇಷ್ಟು ಬಲವಿದೆ ಎಂದು ತಿಳಿದಿರಲಿಲ್ಲ. ಇನ್ನು ಕೇಳುವುದಿಲ್ಲ. ನಿನ್ನತ್ತೆಗೂ ಹೇಳಿದ್ದೇನೆ. ಅವಳು ‘ನಾನು ಯಾವತ್ತು ಕೇಳಿದ್ದೆ? ಕೇಳ್ತಿದ್ದದ್ದು ನೀವೇ’ ಎಂದಳು.

ಬಾಯಿಮಾವ (ಬಾಯಿಗೆ ಬೀಗ ಹಾಕಿದೆ)


ಫೆಬ್ರವರಿ 11

ಮಾವ,

ನಿನ್ನ ಸಿಟ್ಟಿನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಎಷ್ಟೋ ಸಲ ಓದಿದೆ. ಎರಡು ಸಲ ಉತ್ತರ ಬರೆದು ಹರಿದೆ. ನೀನು ನನ್ನನ್ನು ಎತ್ತಿಕೊಂಡು ಓಡಾಡಿದ್ದು ನಿಜ, ಕೊಡೆ ಕಥೆ ಹೇಳುತ್ತಲೇ ಓಡಾಡಿದ್ದು.

ಈಗ ಇದನ್ನು ಓದು. ಇದು ನನ್ನ ಮಾತಲ್ಲ. ಒಬ್ಬರು ತಾವಾಗಿ ಬಂದು, ‘ಬೆಂಚಿನ ಮೇಲೆ ಕೂರ್ತಿದ್ದ ಯಜಮಾನರಿಗೆ ಒಂದು ಸಾಲು ಬರೀಬಹುದಾ?’ ಎಂದು ಹಿರಿಯಕ್ಕನನ್ನು ಕೇಳಿದರು. ಒಂದೇ ಸಾಲು, ಅವರೇ ಹೇಳಿದ್ದು, ಹೇಳಿದ ಹಾಗೇ ಬರೆಯುವ ಅನುಮತಿ ನನಗಿದೆ. ಅದರಾಚೆ ಏನೂ ಕೇಳಬೇಡ. ಉತ್ತರವಿದ್ದರೆ ಪೆಟ್ಟಿಗೆಗೆ ಹಾಕು.

‘ನಾನು ಹೊರಡುವಾಗ ಕಥೆ ಅರ್ಧದಲ್ಲಿತ್ತು. ಆ ಹಳದಿ ಕೊಡೆ ಕೊನೆಗೆ ಯಾರದು?’

ನಿನ್ನ ಕಿವಿ


ಫೆಬ್ರವರಿ 17

ಕಿವಿಯಮ್ಮನಿಗೆ,

ಪತ್ರವನ್ನು ಗಟ್ಟಿಯಾಗಿ ಓದಿದೆ. ನಿನ್ನತ್ತೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಯಾರದೋ ಕೋಟಿನ ಅಂಚು ಮಡಚುತ್ತಿದ್ದಳು. ಎದ್ದು ಪರದೆಯ ಹಿಂದೆ ಹೋದಳು. ಬಂದಾಗ ಕಣ್ಣು ಕೆಂಪಗಿತ್ತು. ಪಿನ್ನು ಚುಚ್ಚಿತು ಎಂದಳು. ಪಿನ್ನು ಕಣ್ಣಿಗೆ ಚುಚ್ಚುತ್ತದೆಯೇ ಎಂದು ನಾನು ಕೇಳಲಿಲ್ಲ. ಈ ವರ್ಷದ ನನ್ನ ದೊಡ್ಡ ಸಾಧನೆ ಅದು. ಸಂಜೆ ಹೊತ್ತಿಗೆ ಅವಳು ಹೇಳಿದಳು: ‘ಅವರಿಗೆ ತಿಳಿಸಿ. ಎಡದೋಳಿನ ಒಳಗೆ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಟ್ಟಿದೀನಿ. ಯಾವ ಟೈಲರಿಗೆ ಕೊಟ್ರೂ ಬಿಚ್ಚಿ ಸರಿ ಮಾಡ್ತಾರೆ. ನನ್ನ ಹೊಲಿಗೆ ಅಷ್ಟು ಕೆಟ್ಟದ್ದಲ್ಲ ಅಂತಾನೂ ಬರೀರಿ.’ ಎದುರುಮನೆಯವರು ಮತ್ತೆ ಬಟ್ಟೆ ತಂದಿದ್ದಾರೆ.

ಕೊಡೆಯ ವಿಷಯ. ಆ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಕೇಳಿದವರು ನಿದ್ದೆ ಹೋಗಿದ್ದಾರೆ, ಬಸ್ಸು ಬಂತೆಂದು ಎದ್ದು ಓಡಿದ್ದಾರೆ, ನೀನಂತೂ ಅತ್ತಿದ್ದೀಯ. ಕೊನೆಗೆ ಏನಾಯಿತು ಎಂದು ಕೇಳಿದವರು ಈವರೆಗೆ ಯಾರೂ ಇಲ್ಲ. ಆದ್ದರಿಂದ ನಾನು ಕೊನೆಯನ್ನೇ ಮಾಡಿರಲಿಲ್ಲ. ಪಿಸುಮಾತನ್ನು ಮುಚ್ಚಲು ಹೇಳಿದ ಕಥೆಯನ್ನು ಪರದೆಯ ಆಚೆ, ಒಂದು ಕಿವಿಗೆ ಫೋನಿಟ್ಟುಕೊಂಡು, ಇನ್ನೊಂದು ಕಿವಿಯಲ್ಲಿ ಒಬ್ಬರು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಿನ್ನೆ ಮೂರು ಕೊನೆ ಬರೆದೆ. ಮೂರರಲ್ಲೂ ಕೊಡೆ ಯಾರದೆಂದು ತೀರ್ಮಾನಿಸಿದವನು ನಾನೇ. ಮೂರನ್ನೂ ಹರಿದೆ.

ಸ್ಟೇಷನ್ ಮಾಸ್ಟರು ಈಗ ಪ್ಲಾಟ್‌ಫಾರ್ಮಿನಲ್ಲಿ ಕೊಡೆ ಹಿಡಿದು ನಿಂತಿದ್ದಾನೆ. ಎದುರಿಗೆ ಮಳೆಯಲ್ಲಿ ಆ ಪ್ರಯಾಣಿಕಳು ನಿಂತಿದ್ದಾಳೆ. ಅವನು ಕೊಡೆಯನ್ನು ಅವಳ ಕೈಗೆ ತುರುಕುವುದಿಲ್ಲ, ಹತ್ತಿರದ ಬೆಂಚಿನ ಮೇಲೆ ಅವಳಿಗೆ ಎಟಕುವಲ್ಲಿ ಇಡುತ್ತಾನೆ. ಅಲ್ಲಿಂದ ಮುಂದೆ ಏನಾಗಬೇಕು ಎಂದು ಆಕೆಯನ್ನೇ ಕೇಳು. ಉತ್ತರಕ್ಕೆ ಆತುರವಿಲ್ಲ. ಈ ಸಲ ಕೇಳುವವನು ನಾನು.

ಮಾವ